ನಡೆಯುತ್ತದೆ ಸರಿ, ಎಷ್ಟು ಜನರಿಗೆ?

ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ ಒಂದು ಮನೆ ಮಾರಾಟಕ್ಕಿದೆ ಎನ್ನಿ. ಕೊಳ್ಳುವವರು ಮೊದಲು ಕೇಳುವುದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. 2023ರಲ್ಲಿ ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಇದಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು, ಶುಲ್ಕ ಕಟ್ಟಬಹುದು, ನೋಂದಣಿಗೆ ಸಮಯವನ್ನೂ ಗೊತ್ತುಮಾಡಿಕೊಳ್ಳಬಹುದು. ಇವೆಲ್ಲ ತಪ್ಪಿಲ್ಲದೆ ಆಗುತ್ತವೆಯೇ ಎಂದು ನೋಡುವುದು ಕಾರ್ಯದ ಪರೀಕ್ಷೆ. ನಮ್ಮಲ್ಲಿ ಬಹಳಷ್ಟು ಪರೀಕ್ಷೆ ಇಲ್ಲಿಗೇ ಮುಗಿದುಬಿಡುತ್ತದೆ.

2024ರ ಡಿಸೆಂಬರ್‌ನಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಮತ್ತೊಮ್ಮೆ ಕಾವೇರಿ ಕುಸಿಯಿತು. ರಾಜ್ಯದ ಉಪನೋಂದಣಿ ಕಚೇರಿಗಳಿಗೆ ಬಂದ ಜನ ಬರಿಗೈಲಿ ಹಿಂತಿರುಗಿದರು. ತನಿಖೆಯಲ್ಲಿ ಕಂಡದ್ದು ಡಿಡಾಸ್ ದಾಳಿ: ನಕಲಿ ಖಾತೆಗಳನ್ನು ತೆರೆದು, ಇಸಿ ಹುಡುಕಾಟದ ಮೇಲೆ ಹುಸಿ ವಿನಂತಿಗಳನ್ನು ಯಂತ್ರದಿಂದ ಸುರಿಸಲಾಗಿತ್ತು. ಹುಡುಕಾಟದ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಒಂದೇ ಖಾತೆ ಸಾವಿರಾರು ಸಲ ಕೇಳಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಈ ಬೇರೆ ಪ್ರಶ್ನೆಗಳನ್ನು ಐಎಸ್‌ಒ 25010 ಎಂಬ ಅಂತರರಾಷ್ಟ್ರೀಯ ಮಾನದಂಡ ಗುಣಲಕ್ಷಣಗಳಾಗಿ ವಿಂಗಡಿಸಿದೆ. ವೇಗ, ನೆಚ್ಚಿಕೆ, ಭದ್ರತೆ, ಬಳಕೆಯ ಸುಲಭತೆ, ಬೇರೆ ತಂತ್ರಾಂಶಗಳ ಜೊತೆಗಿನ ಹೊಂದಾಣಿಕೆ ಮುಂತಾದವು ಅದರಲ್ಲಿವೆ. ಪಟ್ಟಿಗಿಂತ ಮುಖ್ಯವಾದದ್ದು ಅಳತೆ. ‘ತಂತ್ರಾಂಶ ವೇಗವಾಗಿರಬೇಕು’ ಎಂದು ಟೆಂಡರ್‌ನಲ್ಲಿ ಬರೆದರೆ ಯಾವ ಟೆಸ್ಟರ್‌ಗೂ ಅದನ್ನು ಪರೀಕ್ಷಿಸಲಾಗದು. ‘ಏಕಕಾಲಕ್ಕೆ 5,000 ಮಂದಿ ಬಳಸುವಾಗ ನೂರರಲ್ಲಿ 95 ವಿನಂತಿಗಳಿಗೆ 3 ಸೆಕೆಂಡಿನೊಳಗೆ ಉತ್ತರ ಬರಬೇಕು’ ಎಂದು ಬರೆದರೆ ಪರೀಕ್ಷಿಸಬಹುದು. ಸರಾಸರಿಯನ್ನು ಮಾತ್ರ ನಂಬಬಾರದು. ನೂರರಲ್ಲಿ 95 ವಿನಂತಿ 1 ಸೆಕೆಂಡಿನಲ್ಲಿ, ಉಳಿದ 5 ವಿನಂತಿ 40 ಸೆಕೆಂಡಿನಲ್ಲಿ ಮುಗಿದರೆ ಸರಾಸರಿ 2.95 ಸೆಕೆಂಡ್. ವರದಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆ ಐದು ಮಂದಿಯ ಪಾಡು ಕಾಣುವುದಿಲ್ಲ.

ಜೆಮೀಟರ್‌ನಂಥ ಸಲಕರಣೆಯಿಂದ ಸಾವಿರಾರು ಕಲ್ಪಿತ ಬಳಕೆದಾರರನ್ನು ಹುಟ್ಟಿಸಿ, ನಿರೀಕ್ಷಿತ ಹೊರೆ ಹೇರಿ ನೋಡುವುದು ಲೋಡ್ ಟೆಸ್ಟ್. ಅದನ್ನೂ ಮೀರಿ, ತಂತ್ರಾಂಶ ಬೀಳುವವರೆಗೆ ಹೊರೆ ಏರಿಸುವುದು ಸ್ಟ್ರೆಸ್ ಟೆಸ್ಟ್. ಇಲ್ಲಿ ನೋಡಬೇಕಾದದ್ದು ಅದು ಬೀಳುವ ರೀತಿ. ಇಸಿ ಹುಡುಕಾಟ ಕುಸಿದಾಗ ನೋಂದಣಿ ಕೌಂಟರ್ ತನ್ನ ಪಾಡಿಗೆ ನಡೆಯುತ್ತದೆಯೇ, ಅದೂ ಜೊತೆಗೇ ನಿಲ್ಲುತ್ತದೆಯೇ? ಹಣ ಕಟ್ಟಿದ ಅರ್ಜಿಯ ಗತಿಯೇನು?

ಕನ್ನಡಕ್ಕೇ ವಿಶಿಷ್ಟವಾದ ಪರೀಕ್ಷೆಗಳೂ ಇವೆ. ‘ಮರ್ಫಿ ಟೌನ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ‘ರ್ಫಿ’ಯನ್ನು ಸಾಮಾನ್ಯವಾಗಿ ಅರ್ಕಾವತ್ತಿನಿಂದ ಬರೆಯುತ್ತೇವೆ, ಆದರೆ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸಿ ರಕಾರಕ್ಕೆ ಫಕಾರದ ಒತ್ತು ಕೊಟ್ಟೂ ಬರೆಯಬಹುದು. ‘ಟೌನ್‌ನಲ್ಲಿ’ ಎಂದು ಬರೆಯುವಾಗ ನಕಾರಕ್ಕೆ ಒತ್ತು ಬೀಳದಿರಲು ಇನ್ನೊಂದು ಅದೃಶ್ಯ ಅಕ್ಷರ ಬೇಕು. ಅದು ಅಪ್ಪಿತಪ್ಪಿ ‘ಟೌನ್’ನ ಕೊನೆಗೆ ಅಂಟಿಕೊಂಡರೂ ಓದುವವರಿಗೆ ವ್ಯತ್ಯಾಸ ತಿಳಿಯದು, ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಹೆಸರು. ಹುಡುಕಾಟ ಇದನ್ನು ಸರಿದೂಗಿಸದಿದ್ದರೆ ಇರುವ ದಾಖಲೆಯನ್ನೂ ‘ಇಲ್ಲ’ ಎನ್ನುತ್ತದೆ. ಆಸ್ತಿ ದಾಖಲೆಯಲ್ಲಿ ಇದು ಸಣ್ಣ ಮಾತಲ್ಲ. 2018ರ ಫೆಬ್ರವರಿಯಲ್ಲಿ ಇಂಥದೇ ಅದೃಶ್ಯ ಅಕ್ಷರ ಒಳಸೇರಿದ ತೆಲುಗು ಲಿಪಿಯ ‘ಜ್ಞಾ’ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು, ಐಒಎಸ್ 11.2.6 ಬಂದ ಮೇಲೆ ಸರಿಹೋಯಿತು. ಅಷ್ಟು ದೊಡ್ಡ ಕಂಪನಿಯ ಪರೀಕ್ಷೆಯಲ್ಲೂ ನಮ್ಮ ಸೋದರ ಲಿಪಿಯ ಒತ್ತಕ್ಷರ ತಪ್ಪಿಸಿಕೊಂಡಿತ್ತು.

ಬಳಸುವವರು ಯಾರು ಎಂಬುದೂ ಪರೀಕ್ಷೆಯ ಭಾಗವೇ. ಕಣ್ಣು ಕಾಣದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಪರದೆಯ ಕನ್ನಡವನ್ನು ಓದಿಸಿಕೊಳ್ಳುತ್ತಾರೆ. ಗುಂಡಿಗೆ ಹೆಸರು ಕೊಡದೆ ಬರೀ ಚಿತ್ರ ಹಾಕಿದ್ದರೆ ಅವರ ಅರ್ಜಿ ಅಲ್ಲಿಗೇ ನಿಂತಿತು. ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಕೆವೈಸಿ, ಅಂದರೆ ಗ್ರಾಹಕರ ಗುರುತು ದೃಢೀಕರಣದ ವೇಳೆ ಕಣ್ಣು ಮಿಟುಕಿಸಲಾಗದೆ ಬ್ಯಾಂಕ್ ಸೇವೆ ಸಿಗದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ನ್ಯಾಯಾಲಯವು ಡಿಜಿಟಲ್ ಸೇವೆಯ ಲಭ್ಯತೆ ಸಂವಿಧಾನದ 21ನೇ ವಿಧಿಯ ಹಕ್ಕಿನಲ್ಲಿ ಸೇರಿದೆ ಎಂದಿತು, ಕೆವೈಸಿ ವ್ಯವಸ್ಥೆಗಳನ್ನು ಅಂಗವಿಕಲರಿಗೂ ಎಟುಕುವಂತೆ ಮಾಡಲು 20 ನಿರ್ದೇಶನಗಳನ್ನು ಕೊಟ್ಟಿತು.