ಹಳೇ ಫೈಬರ್ ದೋಣಿ ತಗೊಳ್ಳೋ ಮುಂಚೆ ಹಿಂದಿನ ಹಲಗೆ ಬಡಿದು ನೋಡಿ

ಅರಸೀಕೆರೆ: ಫೈಬರ್ ಅಂದ್ರೆ ಕೊಳೆಯಲ್ಲ, ತುಕ್ಕು ಹಿಡಿಯಲ್ಲ, ಒಂದು ಸಲ ತಗೊಂಡ್ರೆ ಮುಗೀತು ಅನ್ನೋ ನಂಬಿಕೆ ನಮ್ಮ ಕಡೆ ಇದೆ. ನಮ್ಮ ಸೋದರಮಾವನಿಗೂ ಇತ್ತು. ತಾಲ್ಲೂಕಿನ ಒಂದು ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಅವರು ಕರಾವಳಿಯಿಂದ ಹದಿನಾಲ್ಕು ಅಡಿಯ ಹಳೇ ಫೈಬರ್ ದೋಣಿ ಕೊಂಡು, 407 ಗಾಡಿಗೆ ಹೇರಿಸಿ ಶಿರಾಡಿ ಘಾಟ್ ಹತ್ತಿಸಿ ತಂದರು. ಜೊತೆಗೊಂದು ಸೆಕೆಂಡ್‌ಹ್ಯಾಂಡ್ ಮೋಟಾರು. ಬಣ್ಣ ಹೊಸದು, ನೋಡೋಕೆ ಮದುವಣಗಿತ್ತಿ ಥರ ಇತ್ತು.

ಮೊದಲ ವಾರ ಚೆನ್ನಾಗೇ ಓಡಿತು. ಎರಡನೇ ವಾರ ಕೆರೆ ಮಧ್ಯೆ ಸ್ವಲ್ಪ ಜೋರಾಗಿ ವೇಗ ಕೊಟ್ಟಾಗ ಮೋಟಾರಿನ ತಲೆ ಹಿಂದಕ್ಕೆ ವಾಲಿತು. ಹಿಂದಿನ ಹಲಗೆ ಒದ್ದೆ ರಟ್ಟಿನ ಥರ ಬಾಗುತ್ತಿತ್ತು. "ಲೋ, ಮೋಟ್ರು ಕಿತ್ಕೊಂಡ್ ಬರ್ತಾ ಐತೆ ಕಣೋ" ಅಂತ ಮಾವ ಕೂಗಿದ್ದೇ ಕೂಗಿದ್ದು. ಮೋಟಾರು ಆಫ್ ಮಾಡಿ, ಅದನ್ನ ಕೈಯಲ್ಲಿ ಹಿಡ್ಕೊಂಡೇ ಒಬ್ಬರು, ಹುಟ್ಟು ಹಾಕಿ ಇನ್ನೊಬ್ಬರು ದಡ ಸೇರಿದ್ವಿ. ದೋಣಿಯೊಳಗೆ ಮೊಣಕಾಲು ಕೆಳಗಿನವರೆಗೆ ನೀರು. ನನಗೆ ಈಜು ಬರಲ್ಲ. ಆ ಕಾರಣಕ್ಕೇ ಈ ಲೇಖನ.

ಕೊಳೆತದ್ದು ಫೈಬರ್ ಅಲ್ಲ, ಒಳಗಿನ ಮರ

ಫೈಬರ್ ದೋಣಿ ಅಂದ್ರೆ ಪೂರ್ತಿ ಫೈಬರ್ ಅಲ್ಲ. ಹೊರಗಿನ ಚಿಪ್ಪು ಮಾತ್ರ ಗಾಜಿನ ನಾರು ಮತ್ತು ರೆಸಿನ್. ಆ ಚಿಪ್ಪು ತೆಳು, ಹಾಗೇ ಬಿಟ್ಟರೆ ಬಳುಕುತ್ತದೆ. ಅದು ಗಟ್ಟಿಯಾಗಿ ನಿಲ್ಲಲಿ ಅಂತ ತಳದ ಉದ್ದಕ್ಕೆ ಮರದ ರೀಪರ್ ಕೂರಿಸಿ, ಅದರ ಮೇಲೆ ಪ್ಲೈವುಡ್ ಹಾಸಿ, ಮೇಲೆ ಫೈಬರ್ ಬಳಿದಿರುತ್ತಾರೆ. ಅದೇ ಫ್ಲೋರ್. ಹಿಂಭಾಗದಲ್ಲಿ ಮೋಟಾರು ಕಚ್ಚಿಸೋ ದಪ್ಪ ಹಲಗೆಗೆ ಟ್ರಾನ್ಸಮ್ ಅಂತಾರೆ. ಅದೂ ಸಾಮಾನ್ಯವಾಗಿ ಒಳಗೆ ಪ್ಲೈವುಡ್, ಎರಡೂ ಕಡೆ ಫೈಬರ್. ಮೋಟಾರಿನ ಭಾರ, ಅದು ದೋಣಿಯನ್ನ ತಳ್ಳೋ ಬಲ, ಎರಡೂ ಬೀಳೋದು ಈ ಹಲಗೆ ಮೇಲೆ.

ನಮ್ಮ ಕೆರೆಗಳಲ್ಲಿ ಮೀನುಗಾರರು ಓಡಿಸೋ ಫೈಬರ್ ಹರಿಗೋಲಿಗೆ ಈ ಕಾಟ ಇಲ್ಲ. ಅದೊಂದು ಬೋಗುಣಿ, ಮೋಟಾರಿಲ್ಲ, ಕೊಳೆಯೋಕೆ ಒಳಗೆ ಮರ ಇಲ್ಲ. ಅದನ್ನ ನೋಡಿ ನೋಡಿಯೇ ನಮ್ಮ ಜನಕ್ಕೆ ಫೈಬರ್ ಕೊಳೆಯಲ್ಲ ಅನ್ನೋ ಧೈರ್ಯ ಬಂದಿರಬೇಕು.

ಹಾಗಾದ್ರೆ ಎರಡೂ ಕಡೆ ಫೈಬರ್ ಮುಚ್ಚಿದ ಮರಕ್ಕೆ ನೀರು ಹೋಗಿದ್ದು ಹೇಗೆ? ಸ್ಕ್ರೂ ತೂತಿನಿಂದ. ಸೀಟು ಕೂರಿಸೋಕೆ, ಕೊಕ್ಕೆ ಹಾಕೋಕೆ, ಮೋಟಾರಿನ ಬೋಲ್ಟಿಗೆ ಅಂತ ಕೊರೆದ ಒಂದೊಂದು ತೂತೂ ಫೈಬರ್ ದಾಟಿ ಮರಕ್ಕೆ ತಲುಪುತ್ತದೆ. ಒಳಗೆ ಹೋದ ನೀರಿಗೆ ಆಚೆ ಬರೋ ದಾರಿ ಇಲ್ಲ, ಬಿಸಿಲೂ ತಾಗಲ್ಲ. ಮರದ ತೇವ ನೂರಕ್ಕೆ ಇಪ್ಪತ್ತು ದಾಟಿ ಹಾಗೇ ನಿಂತರೆ ಶಿಲೀಂಧ್ರ ಕೂರೋಕೆ ಶುರು. ಹೊರಗೆ ಬಣ್ಣ ಪಳಪಳ, ಒಳಗೆ ಗೊಬ್ಬರ.

ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ಈ ಕೊಳೆತಕ್ಕೆ ಸಮುದ್ರದ ಉಪ್ಪುನೀರಿಗಿಂತ ಸಿಹಿನೀರೇ ಹೆಚ್ಚು ಇಷ್ಟ. ಉಪ್ಪು ಶಿಲೀಂಧ್ರವನ್ನ ಸ್ವಲ್ಪ ತಡೀತದೆ. ಕರಾವಳಿ ದೋಣಿ ನೀರಲ್ಲಿ ಇದ್ದಾಗ ಹಾಳಾಗೋದಕ್ಕಿಂತ, ಕೆಲಸ ಇಲ್ಲದೆ ಅಂಗಳದಲ್ಲಿ ಬಾಯಿ ತೆರೆದುಕೊಂಡು ಮಳೆ ಕುಡಿಯುತ್ತಾ ಬಿದ್ದಾಗ ಹೆಚ್ಚು ಹಾಳಾಗುತ್ತದೆ. ಮಾರಾಟಕ್ಕೆ ಬರೋದು ಹೆಚ್ಚಾಗಿ ಅಂಥದ್ದೇ. ತಂದು ಬಿಡೋದು ನಮ್ಮ ಸಿಹಿನೀರಿನ ಕೆರೆಗೆ. ಬೇಲೂರು ಕಡೆ ಮಳೆಗಾಲದ ಥಂಡಿ ಸೇರಿದ್ರಂತೂ ಕೇಳೋದೇ ಬೇಡ.

ಬಡಿದು ನೋಡೋದು ಹೇಗೆ

ಉಂಡೆ ಕೊಬ್ಬರಿ ವ್ಯಾಪಾರ ಗೊತ್ತಿರೋ ಊರಿದು. ಅಟ್ಟದಿಂದ ಇಳಿಸಿದ ಕಾಯಿ ಅಲ್ಲಾಡಿಸಿ, ಸದ್ದು ಕೇಳಿ, ಒಳಗೆ ಒಣಗಿದೆಯೋ ಇಲ್ಲವೋ ಹೇಳೋ ಜನ ನಾವು. ದೋಣಿಗೂ ಅದೇ ಕಿವಿ ಸಾಕು. ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ಮೇಲೆ ಅಂಗುಲ ಅಂಗುಲಕ್ಕೆ ಬಡೀತಾ ಹೋಗಿ. ಗಟ್ಟಿ ಮರ ಠಣ್ ಅನ್ನುತ್ತದೆ. ಕೊಳೆತ ಜಾಗ ದಪ್ ಅನ್ನುತ್ತದೆ. ಫ್ಲೋರ್ ಮೇಲೆ ಹಿಮ್ಮಡಿ ಊರಿ ನಡೀರಿ, ಬಳುಕಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೋಟಾರಿನ ತಲೆ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಮೋಟಾರಿನ ಜೊತೆ ಹಲಗೆಯೂ ಬಾಗಿದ್ರೆ, ಮೂಲೆಗಳಲ್ಲಿ ಕೂದಲೆಳೆ ಬಿರುಕು ಕಂಡ್ರೆ, ಅನುಮಾನ ಪಡಿ.

ಆಮೇಲೂ ಸಂಶಯ ಇದ್ದರೆ ಮಾರೋನ ಒಪ್ಪಿಗೆ ಕೇಳಿ, ಒಳಗಡೆಯಿಂದ ಸಣ್ಣ ಡ್ರಿಲ್‌ನಲ್ಲಿ ಒಂದು ತೂತು ಹಾಕಿ. ಆಚೆ ಬರೋ ಪುಡಿ ತಿಳಿ ಬಣ್ಣದ್ದಾಗಿ ಒಣಗಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ, ಹಳೇ ಬಾವಿ ವಾಸನೆ ಬಂದ್ರೆ ಬೆಲೆ ಇಳಿಸಿ ಅಥವಾ ಎದ್ದು ಬನ್ನಿ. ಒಪ್ಪಿಗೇನೇ ಕೊಡದಿದ್ರೆ ಅದೂ ಒಂದು ಉತ್ತರ. ನಾವು ಇದ್ಯಾವುದನ್ನೂ ಮಾಡಲಿಲ್ಲ, ಬಣ್ಣ ನೋಡಿ ದುಡ್ಡು ಕೊಟ್ಟು ಬಂದ್ವಿ.

ಮೊದಲನೇ ರಿಪೇರಿ ದಂಡ

ಆವತ್ತಿನ ಘಟನೆ ಆದಮೇಲೆ ಮಾವ ಒಬ್ಬ ಫೈಬರ್ ಕೆಲಸದವನನ್ನ ಕರೆಸಿದರು. ಅವನು ಹಳೇ ಫ್ಲೋರ್ ಕಿತ್ತುಹಾಕೋ ಗೋಜಿಗೇ ಹೋಗದೆ ಅದರ ಮೇಲೇ ಹೊಸ ಪ್ಲೈ ಹಾಸಿ, ಫೈಬರ್ ಬಳಿದು, ಎರಡೇ ದಿನಕ್ಕೆ ಮುಗಿಸಿದ. ಟ್ರಾನ್ಸಮ್‌ಗೆ ಹೊರಗಿಂದ ಒಂದು ಅಲ್ಯೂಮಿನಿಯಂ ಪ್ಲೇಟು ಬಡಿದ. ಒಂದೇ ಮಳೆಗಾಲಕ್ಕೆ ಎಲ್ಲಾ ಮೆತ್ತಗಾಯ್ತು. ಕೊಳೆತ ಮರದ ಮೇಲೆ ಹೊಸ ಮರ ಮುಚ್ಚೋದು ಅಂದ್ರೆ ಹುಳ ಬಿದ್ದ ಬೇಳೆ ಡಬ್ಬಕ್ಕೆ ಹೊಸ ಬೇಳೆ ಸುರಿದ ಹಾಗೆ. ತೇವ, ಶಿಲೀಂಧ್ರ ಎರಡೂ ಒಳಗೇ ಇರುತ್ತವೆ.

ಎರಡನೇ ಸಲ ಸಂಕ್ರಾಂತಿ ಕಳೆದ ಮೇಲೆ ನಾವೇ ಕೈ ಹಾಕಿದ್ವಿ. ಬಸ್ಸಿನ ಬಂಪರ್, ಟ್ರ್ಯಾಕ್ಟರ್ ಟಾಪ್‌ಗೆ ಫೈಬರ್ ಹಾಕೋ ಮೇಸ್ತ್ರಿಯೊಬ್ಬರು ಜೊತೆ ನಿಂತರು. ಅವರು ಹೇಳಿದ ಮೊದಲ ಮಾತು, ಫ್ಲೋರ್ ಕೊಯ್ಯೋ ಮುಂಚೆ ದೋಣಿಯನ್ನ ನೇರವಾಗಿ ಕೂರಿಸಿ ಅಂತ. ಟೈರ್ ಮೇಲೆ ಸೊಟ್ಟಗೆ ನಿಲ್ಲಿಸಿದ್ದನ್ನ ಇಳಿಸಿ, ತಳದ ಆಕಾರಕ್ಕೆ ಸರಿಯಾಗಿ ಮರದ ಆಧಾರ ಕೊಟ್ಟು, ಮಟ್ಟಗೋಲು ಇಟ್ಟು ನೋಡಿದ್ವಿ. ಯಾಕಂದ್ರೆ ದೋಣಿಯ ಆಕಾರ ಹಿಡಿದಿರೋದೇ ಫ್ಲೋರ್ ಮತ್ತು ರೀಪರ್. ಅವು ತೆಗೆದ ತಕ್ಷಣ ಚಿಪ್ಪು ತಿರುಚಿಕೊಳ್ಳುತ್ತದೆ. ತಿರುಚಿದಾಗಲೇ ಹೊಸ ಫ್ಲೋರ್ ಕೂರಿಸಿದ್ರೆ ಆ ಸೊಟ್ಟ ಜನ್ಮಪೂರ್ತಿ ಹಾಗೇ, ದೋಣಿ ಒಂದು ಕಡೆಗೇ ಎಳೀತದೆ.

ಕಟಿಂಗ್ ಮೆಷಿನ್ ಬ್ಲೇಡು ಪ್ಲೈ ದಪ್ಪದಷ್ಟೇ ಇಳಿಯೋ ಹಾಗೆ ಇಟ್ಟು, ಅಂಚಿನಲ್ಲಿ ಎರಡು ಮೂರು ಇಂಚು ಬಿಟ್ಟು ಕೊಯ್ದ್ವಿ. ಇನ್ನೂ ಒಂದಿಂಚು ಇಳಿದ್ರೆ ದೋಣಿ ತಳಕ್ಕೇ ತೂತು. ಒಳಗಿದ್ದ ಫೋಮ್ ಹಿಂಡಿದ್ರೆ ನೀರು ಸುರೀತಿತ್ತು. ದೋಣಿ ಇಷ್ಟು ಭಾರ ಯಾಕೆ ಅನ್ನೋ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ತು. ರೀಪರ್‌ಗಳು ಕೈಯಲ್ಲೇ ಪುಡಿಯಾದವು. ಆ ಚೂರುಗಳನ್ನೂ ಎಸೀಬೇಡಿ, ಹೊಸದಕ್ಕೆ ಅದೇ ಅಳತೆ. ಟ್ರಾನ್ಸಮ್‌ನಲ್ಲಿ ಹೊರಗಿನ ಫೈಬರ್ ಪದರ ಹಾಗೇ ಉಳಿಸಿಕೊಂಡು ಒಳಗಿಂದ ಉಳಿ ಹಾಕಿ ಮರ ಕೆತ್ತಿದ್ವಿ. ಆಮೇಲೆ ಬರೀ ಚಿಪ್ಪನ್ನ ಮೂರು ವಾರ ಬಿಸಿಲಿಗೆ ಬಿಟ್ವಿ. ಅರಸೀಕೆರೆ ಬಿಸಿಲಿಗೆ ಬೈದುಕೊಂಡು ಬೆಳೆದವನು ನಾನು, ಮೊದಲನೇ ಸಲ ಅದಕ್ಕೆ ಥ್ಯಾಂಕ್ಸ್ ಹೇಳಿದೆ.

ಅಂಗಡಿಯಲ್ಲಿ ಏನು ಕೇಳಬೇಕು

ಪ್ಲೈವುಡ್ ಅಂಗಡಿಯವರಿಗೆ ಗೊತ್ತಿರೋ ಮಾತೇ. ಬರೀ 'ವಾಟರ್‌ಪ್ರೂಫ್' ಅಂದ್ರೆ ಸಾಲದು, ಶೀಟಿನ ಮೇಲೆ ಐಎಸ್ 710 ಅನ್ನೋ ಮುದ್ರೆ ಇರಬೇಕು. ಅದು ಮೆರೀನ್ ಪ್ಲೈವುಡ್‌ಗೆ ಇರೋ ಭಾರತೀಯ ಮಾನಕ. ಅಡುಗೆಮನೆ ಕಬೋರ್ಡಿಗೆ ಹೋಗೋ ಐಎಸ್ 303 ಬೇರೆ. ಹಾಗಂತ 710 ಕೊಳೆಯೋದೇ ಇಲ್ಲ ಅಂತಲ್ಲ, ಅದೂ ಮರವೇ. ನಮ್ಮ ಅಳತೆಯ ದೋಣಿಗೆ ಫ್ಲೋರ್‌ಗೆ 12 ಎಂಎಂ ಎಂಟು-ನಾಲ್ಕರ ಎರಡು ಶೀಟು, ಟ್ರಾನ್ಸಮ್‌ಗೆ 18 ಎಂಎಂ ಒಂದು ಶೀಟು ಬೇಕಾಯ್ತು. ಎರಡು 18 ಅಂಟಿಸಿ 36 ಎಂಎಂ ಮಾಡಿ, ಹಳೇ ದಪ್ಪಕ್ಕೆ ಸರಿ ಮಾಡಿದ್ವಿ. ಎತ್ತರವೂ ಹಳೇದರಷ್ಟೇ ಇರಬೇಕು. ಶಾರ್ಟ್ ಶಾಫ್ಟ್ ಮೋಟಾರಿಗೆ ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ ಸುಮಾರು 20 ಇಂಚು ಟ್ರಾನ್ಸಮ್ ಬೇಕು.

ರೆಸಿನ್ ಸುಮಾರು 25 ಕೆ.ಜಿ., ಚಾಪ್ಡ್ ಮ್ಯಾಟ್ 9 ಕೆ.ಜಿ. ಹಿಡಿಯಿತು. ಒಂದು ಕೆ.ಜಿ. ಮ್ಯಾಟಿಗೆ ಎರಡರಿಂದ ಎರಡೂವರೆ ಕೆ.ಜಿ. ರೆಸಿನ್ ಲೆಕ್ಕ. ಜಾಸ್ತಿ ರೆಸಿನ್ ಹಾಕಿದ್ರೆ ಗಟ್ಟಿ ಅನ್ಕೋಬೇಡಿ, ಬಲ ಇರೋದು ನಾರಲ್ಲಿ. ಎಪಾಕ್ಸಿ ಮರಕ್ಕೆ ಇನ್ನೂ ಚೆನ್ನಾಗಿ ಅಂಟುತ್ತದೆ, ಆದರೆ ರೇಟು ಜಾಸ್ತಿ. ನಾವು ಪಾಲಿಯೆಸ್ಟರ್‌ನಲ್ಲೇ ಮಾಡಿದ್ವಿ.

ಇಲ್ಲಿ ಒಂದು ನಿಮಿಷ ನಿಂತು ಓದಿ. ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂಥದ್ದು ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬಾರದು, ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನ ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಬಳಿಯೋ ಹೊತ್ತಿಗೆ ಹಾರ್ಡನರ್. ಅದು ಒಂದು ಕೆ.ಜಿ.ಗೆ 10ರಿಂದ 20 ಗ್ರಾಂ, ಕಣ್ಣಳತೆ ಬೇಡ, ತೂಕ ಮಾಡಿ. ಬಿಸಿಲು ಜೋರಿದ್ದಾಗ ಕಡಿಮೆ ಹಾಕಿ, ಇಲ್ಲಾಂದ್ರೆ ಮಗ್‌ನಲ್ಲೇ ಹೊಗೆ ಎದ್ದು ಕಲ್ಲಾಗುತ್ತದೆ. ನಮಗೆ ಎರಡು ಮಗ್ ಹಾಗೇ ಹೋಯ್ತು. ಹಾರ್ಡನರ್ ಕಣ್ಣಿಗೆ ಸಿಡಿದ್ರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕಲೇಬೇಕು. ಮಾರೋ ಅಂಗಡಿಯವರು ಎರಡು ಬಾಟಲಿಯನ್ನೂ ಒಂದೇ ಕವರಲ್ಲಿ ಹಾಕಿ ಕೊಡಬೇಡಿ. ಒಂದು ಸೋರಿದ್ರೆ ಬೈಕ್ ಬ್ಯಾಗಲ್ಲೇ ಅನಾಹುತ. ಗ್ರೈಂಡರ್ ಹೊಡೆಯುವಾಗ ಮಾಸ್ಕು, ತುಂಬುತೋಳಿನ ಅಂಗಿ. ಗಾಜಿನ ಪುಡಿ ಮೈಗೆ ಹತ್ತಿದ್ರೆ ತಣ್ಣೀರಲ್ಲಿ ತೊಳೀರಿ, ಉಜ್ಜಬೇಡಿ. ನಾನು ಮೊದಲ ದಿನ ಬನಿಯನ್‌ನಲ್ಲಿ ನಿಂತು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಕೂರಿಸೋ ಕೆಲಸದಲ್ಲಿ ಮೇಸ್ತ್ರಿ ಪಟ್ಟು ಹಿಡಿದದ್ದು ಮೂರು ವಿಷಯಕ್ಕೆ. ಪ್ಲೈನ ಎಲ್ಲಾ ಮುಖಕ್ಕೂ, ಮುಖ್ಯವಾಗಿ ಕೊಯ್ದ ಅಂಚಿಗೆ, ಮೊದಲೇ ರೆಸಿನ್ ಕುಡಿಸಬೇಕು. ಫ್ಲೋರ್‌ನ ಅಡಿಭಾಗ ಯಾರಿಗೂ ಕಾಣಲ್ಲ ಅಂತ ಬಿಡೋರು ಜಾಸ್ತಿ, ಕೊಳೆಯೋದು ಅಲ್ಲಿಂದಲೇ. ಎರಡನೇದು, ಹಲಗೆ ಚಿಪ್ಪಿಗೆ ಸೇರೋ ಮೂಲೆಯನ್ನ ರೆಸಿನ್ ಗಾರೆಯಿಂದ ದುಂಡಗೆ ಮಾಡಬೇಕು. ಮ್ಯಾಟು ಚೂಪು ಮೂಲೆಗೆ ಮಡಚಲ್ಲ, ಹಿಂದೆ ಗಾಳಿ ಉಳಿಯುತ್ತದೆ. ರೋಲರ್ ಹಾಕಿ ಗುಳ್ಳೆ ಓಡಿಸಿ, ಒಂದೊಂದು ಪದರವನ್ನೂ ಕೆಳಗಿನದಕ್ಕಿಂತ ಎರಡು ಇಂಚು ಆಚೆ ಹರಡಬೇಕು. ಮೂರನೇದು ತೂತು. ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆದು, ರೆಸಿನ್ ತುಂಬಿಸಿ, ಗಟ್ಟಿಯಾದ ಮೇಲೆ ಮಧ್ಯದಲ್ಲಿ ಮತ್ತೆ ಕೊರೀಬೇಕು. ಆಗ ಸ್ಕ್ರೂ ಮರವನ್ನೇ ಮುಟ್ಟಲ್ಲ. ಒಂದು ತೂತಿಗೆ ಅರ್ಧ ದಿನ ಅಂತ ಮಾವ ಗೊಣಗಿದರು. "ಮಾವ, ಹೋದ ಸಲ ಎರಡೇ ದಿನಕ್ಕೆ ಮುಗಿಸಿದ್ನಲ್ಲ, ಅವನನ್ನೇ ಕರೀಲಾ?" ಅಂದೆ. ಸುಮ್ಮನಾದರು.

ಫ್ಲೋರ್ ಅಡಿಯಲ್ಲಿ ಫೋಮ್ ಮತ್ತೆ ತುಂಬಲೇಬೇಕು. ಫೈಬರ್ ನೀರಿಗಿಂತ ಭಾರ, ದೋಣಿ ತುಂಬಿದ್ರೆ ಮುಳುಗುತ್ತದೆ. ಫೋಮ್ ಇದ್ದರೆ ಹಿಡ್ಕೊಂಡು ತೇಲಬಹುದು. ಆದರೆ ಥರ್ಮೋಕೋಲ್ ತುಂಬಿ ಮೇಲೆ ಪಾಲಿಯೆಸ್ಟರ್ ಸುರೀಬೇಡಿ, ರೆಸಿನ್‌ನಲ್ಲಿರೋ ಸ್ಟೈರೀನ್‌ಗೆ ಅದು ಕರಗಿಹೋಗುತ್ತದೆ. ನೀರು ಹೀರದ ಪಿಯು ಫೋಮ್ ಬೇಕು.

ಜನ ಹತ್ತಿಸೋದಾದ್ರೆ

ಎತ್ತಿನಹೊಳೆ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿದ ಮೇಲೆ ಕೆರೆ ತುಂಬೋ ಆಸೆ ನಮ್ಮ ತಾಲ್ಲೂಕುಗಳಲ್ಲಿ ಬಲವಾಗಿದೆ. ಬೇಲೂರಲ್ಲಿ ಯಗಚಿ ಹಿನ್ನೀರಿನ ಜಲಸಾಹಸ ಕೇಂದ್ರ ಇದೆ. ಹಳೇಬೀಡಿಗೆ ದೇವಸ್ಥಾನ ನೋಡೋಕೆ ಬಂದವರು ದ್ವಾರಸಮುದ್ರ ಕೆರೆ ಏರಿ ಮೇಲೆ ನಿಂತು ಫೋಟೋ ತೆಗೀತಾರೆ. ಒಂದು ಹಳೇ ದೋಣಿ ತಂದು ರೌಂಡ್ ಹೊಡೆಸಿದ್ರೆ ನಾಲ್ಕು ಕಾಸು ಅನ್ನೋ ಮಾತು ಟೀ ಅಂಗಡಿಯಲ್ಲಿ ನಾನೇ ಕೇಳಿದ್ದೀನಿ. ಮೀನಿನ ಬಲೆ ಎಳೆಯೋ ದೋಣಿ ಬೇರೆ, ಮಕ್ಕಳು ಮರಿ ಹತ್ತೋ ದೋಣಿ ಬೇರೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರನ್ನ ಬಲಿ ತಗೊಂಡದ್ದು ಮೀನು ದೋಣಿಯನ್ನೇ ಪ್ರವಾಸಿ ದೋಣಿ ಮಾಡಿದ್ದದ್ದು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅದು ಸಮುದ್ರ ಅಲ್ಲ, ಊರ ಕೆರೆ. ಎರಡೂ ಕಡೆ ಮಿತಿ ಮೀರಿ ಜನ ಹತ್ತಿದ್ದರು. ಗಟ್ಟಿ ದೋಣಿಗೇ ಈ ಗತಿ ಅಂದ್ರೆ, ಕೊಳೆತ ಟ್ರಾನ್ಸಮ್ ಮೇಲೆ ಮೋಟಾರು ಕಟ್ಟಿದ್ದನ್ನ ಯೋಚಿಸಿ. ಮೋಟಾರು ಇರೋ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ತಪಾಸಣೆ, ನೋಂದಣಿ ಬೇಕು. ಹತ್ತೋರು ಎಷ್ಟು ಜನವೋ ಅಷ್ಟು ಲೈಫ್ ಜಾಕೆಟ್ ಇರಲೇಬೇಕು.

ಮಾವನ ದೋಣಿ ಯುಗಾದಿ ಹೊತ್ತಿಗೆ ನೀರಿಗಿಳಿಯಿತು. ಈಗ ಕೆಲಸ ಮುಗಿದ ಮೇಲೆ ಅದನ್ನ ಮೂತಿ ಮೇಲೆ ಮಾಡಿ ನಿಲ್ಲಿಸ್ತಾರೆ, ಹಿಂದಿನ ತೂತಿನ ಬಿರಡೆ ತೆಗೆದು ಮಳೆನೀರು ಹರಿದುಹೋಗೋಕೆ ಬಿಡ್ತಾರೆ, ಟಾರ್ಪಾಲನ್ನ ಗಾಳಿ ಆಡೋ ಹಾಗೆ ಎತ್ತರಕ್ಕೆ ಕಟ್ತಾರೆ. ಬಿರಡೆ ಹಾಕದೆ ನೀರಿಗಿಳಿಸಿದ್ದೂ ಒಂದು ಸಲ ಆಗಿದೆ. ಅದಕ್ಕೇ ಈಗ ಬಿರಡೆಯನ್ನ ಮೋಟಾರಿನ ಹಗ್ಗಕ್ಕೇ ಕಟ್ಟಿಟ್ಟಿದ್ದಾರೆ.