ಪ್ರಾಯದ ಮಕ್ಕಳ ಮೂಳೆಗಳೂ ನಡುಹಗಲಿನ ಬಿಸಿಲೂ

ಬೆಳೆ, ಗೊಬ್ಬರ, ದನಕರುಗಳ ಸಂಗತಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಹುಡುಗರ ಮೂಳೆಯ ಮಾತೇತಕ್ಕೆಂದು ವಾಚಕ ಮಹಾಶಯರು ಕೇಳಬಹುದು. ಕತ್ತಲೆಯ ಕೊಟ್ಟಿಗೆಯಲ್ಲಿಯೇ ಬೆಳೆದ ಕರುವಿನ ಕಾಲು ಸೊಟ್ಟಗಾಗುವುದುಂಟೆಂದು ಬಲ್ಲ ಗೃಹಸ್ಥರು ಅದನ್ನು ಹೊರಗೆ ಕಟ್ಟಿಸುತ್ತಾರೆ. ಅದೇ ಮನೆಯ ಹದಿನಾಲ್ಕು ವರ್ಷದ ಹುಡುಗನಾದರೋ ಬೆಳಗ್ಗೆ ವ್ಯಾನಿನಲ್ಲಿ ಶಾಲೆಗೆ ಹೋಗಿ, ಹಗಲೆಲ್ಲ ಕೊಠಡಿಯಲ್ಲಿ ಕುಳಿತು, ಸಂಜೆ ಮನೆಪಾಠ ಮುಗಿಸಿ, ರಾತ್ರಿ ಮೊಬೈಲು ಹಿಡಿದು ಮಲಗುತ್ತಾನೆ. ಅವನ ಮೈಮೇಲೆ ಬಿಸಿಲು ಬೀಳುವ ಹೊತ್ತೇ ಇಲ್ಲ.

2016ರಿಂದ 2018ರವರೆಗೆ ಕೇಂದ್ರ ಸರ್ಕಾರದವರು ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ 14 ಮಂದಿಗೂ, 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿಗೂ ಡಿ ಜೀವಸತ್ವದ ಕೊರತೆಯಿರುವುದು ಕಂಡುಬಂದಿತು. ಬಾಲಕರಿಗಿಂತ ಬಾಲಕಿಯರಲ್ಲಿ ಈ ಕೊರತೆಯು ಅಧಿಕ. ಮೂಳೆಯು ಅತಿ ವೇಗವಾಗಿ ಬೆಳೆಯುವ ಪ್ರಾಯದಲ್ಲಿಯೇ ಕೊರತೆಯು ಹೆಚ್ಚಿರುವುದು ಶೋಚನೀಯವಾಗಿದೆ.

ಮನೆಯಲ್ಲಿ ರಾಗಿಯಿದೆ, ಚಿಂತೆಯೇಕೆ ಎನ್ನುವವರು ಉಂಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುವುದು ನಿಜ. ಆದರೆ ಹೊಲದಲ್ಲಿ ಗೊಬ್ಬರವಿದ್ದರೂ ತೇವವಿಲ್ಲದೆ ಪೈರು ಅದನ್ನು ಹೀರಲಾರದಷ್ಟೆ. ಅದರಂತೆಯೇ, ಡಿ ಜೀವಸತ್ವವಿಲ್ಲದ ದೇಹವು ಆಹಾರದ ಸುಣ್ಣಾಂಶದಲ್ಲಿ ನೂರಕ್ಕೆ 10ರಿಂದ 15 ಪಾಲನ್ನು ಮಾತ್ರ ಸೆಳೆದುಕೊಳ್ಳುತ್ತದೆ. ಈ ಸತ್ವವು ಸಾಕಷ್ಟಿದ್ದರೆ 30ರಿಂದ 40 ಪಾಲು ದಕ್ಕುತ್ತದೆ.

ಈ ಸತ್ವವು ಚರ್ಮದಲ್ಲಿಯೇ ಹುಟ್ಟತಕ್ಕದ್ದು. ಸೂರ್ಯನ ಅತಿನೇರಳೆ ಕಿರಣಗಳು ತಗುಲಿದಾಗ ಇದು ಉತ್ಪತ್ತಿಯಾಗುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಗಾಜಿನೊಳಗಿನ ಬಿಸಿಲು ನಿಷ್ಪ್ರಯೋಜಕ. ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆಯು ನಮ್ಮಲ್ಲಿ ಬೇರೂರಿದೆ. ಮೈಗೆ ಹಿತವೆಂಬ ಮಟ್ಟಿಗೆ ಅದು ಸರಿಯೇ, ಡಿ ಜೀವಸತ್ವಕ್ಕೆ ಮಾತ್ರ ಸಲ್ಲದು. ಸೂರ್ಯನು ಕೆಳಗಿರುವಾಗ ಈ ಕಿರಣಗಳು ಭೂಮಿಯನ್ನು ಮುಟ್ಟುವುದು ಅತ್ಯಲ್ಪ. ಗಡಿಯಾರವಿಲ್ಲದೆ ಇದನ್ನು ಅಳೆಯಲು ನೆರಳನ್ನು ನೋಡಿದರೆ ಸಾಕು: ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡದಾಗಿರುವ ಹೊತ್ತೇ ಪ್ರಯೋಜನದ ಹೊತ್ತು.

ಗ್ರಾಮದ ಮುಖಂಡರ ಕೈಯಲ್ಲಿರುವ ಕೆಲಸವೂ ಇಲ್ಲಿಯೇ ಇದೆ. ಅನೇಕ ಶಾಲೆಗಳಲ್ಲಿ ಆಟದ ಅವಧಿಯನ್ನು ದಿನದ ಕೊನೆಗೆ ಇಟ್ಟಿರುತ್ತಾರೆ. ಆ ಹೊತ್ತಿಗೆ ನೆರಳು ಆಳಿಗಿಂತ ಉದ್ದವಾಗಿರುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರುವವರು ಉಪಾಧ್ಯಾಯರೊಡನೆ ಮಾತನಾಡಿ, ವಾರಕ್ಕೆ ಮೂರು ನಾಲ್ಕು ದಿನವಾದರೂ ಮಧ್ಯಾಹ್ನಕ್ಕೆ ಮುಂಚಿನ ಅರ್ಧ ಗಂಟೆಯನ್ನು ಬಯಲಿಗೆ ಮೀಸಲಿರಿಸಬಹುದು. ತೋಳು, ಮೊಣಕಾಲಿನ ಕೆಳಭಾಗ ಬಿಸಿಲಿಗೆ ತೆರೆದಿರಬೇಕು. ಬೇಸಗೆಯ ಉರಿಯಲ್ಲಿ, ವಿಶೇಷವಾಗಿ ರಾಯಚೂರು ಕಲಬುರಗಿಗಳ ಕಡೆ, ಇಷ್ಟು ಹೊತ್ತು ನಿಲ್ಲಿಸಲಾಗದು. ಅವಧಿಯನ್ನು ಮೊಟಕುಮಾಡಿ ಕುಡಿಯುವ ನೀರನ್ನೂ ಮರದ ನೆರಳನ್ನೂ ಒದಗಿಸತಕ್ಕದ್ದು. ಬಾಲಕಿಯರನ್ನು ಬಯಲಿಗೆ ಬಿಡದ ಊರುಗಳಲ್ಲಿ ಹಿರಿಯರೇ ಮುಂದಾಗಿ ಗೋಡೆಯುಳ್ಳ ಅಂಗಳವನ್ನಾದರೂ ಗೊತ್ತುಮಾಡಿಕೊಡಬೇಕು. ಆಟದ ಮೈದಾನವನ್ನು ಅನ್ಯ ಕಟ್ಟಡಕ್ಕೆ ಬಿಟ್ಟುಕೊಡುವ ಮುನ್ನ ಇದನ್ನೆಲ್ಲ ನೆನೆಯುವುದೊಳ್ಳೆಯದು.

ಆಹಾರದಿಂದ ಈ ಸತ್ವವು ದೊರೆಯುವುದು ಕಡಮೆ. ಮೊಟ್ಟೆಯ ಹಳದಿ, ಕೊಬ್ಬುಳ್ಳ ಮೀನು, ಪ್ಲಸ್ ಎಫ್ ಮುದ್ರೆಯಿರುವ ಹಾಲು ಮತ್ತು ಎಣ್ಣೆಗಳಲ್ಲಿ ಇದೆ. ಅಮೆರಿಕದ ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಸ್ಟೀನ್‌ಬಾಕ್ ಎಂಬವರು 1924ರಲ್ಲಿ, ಅತಿನೇರಳೆ ಕಿರಣಕ್ಕೆ ಒಡ್ಡಿದ ಮೇವನ್ನು ತಿಂದ ಇಲಿಗಳಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗವು ತಗುಲದೆಂದು ತೋರಿಸಿಕೊಟ್ಟರು. ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ರೈತರು ಅದೇ ತತ್ವವನ್ನು ಉಪಯೋಗಿಸಬಹುದು: ನೆರಳಿನಲ್ಲಿ ಬೆಳೆದ ಅಣಬೆಯನ್ನು ಹೋಳುಮಾಡಿ, ಅಡಿಯ ಗೆರೆಗಳು ಮೇಲೆ ಬರುವಂತೆ ನಡುಹಗಲಿನ ಬಿಸಿಲಿನಲ್ಲಿ ಒಂದು ಗಂಟೆ ಹರವಿದರೆ ಡಿ ಜೀವಸತ್ವವು ಅದರಲ್ಲಿ ಹೇರಳವಾಗಿ ಹುಟ್ಟುತ್ತದೆ.

ಕಾಲಿನ ಮೂಳೆ ನೋವು, ಮೆಟ್ಟಿಲೇರುವಾಗ ಸೋಲು, ಮಂಡಿಗಳು ಒಳಕ್ಕೆ ಬಾಗುವುದು ಕಂಡರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಅಂಗಡಿಯಿಂದ ತಾವೇ ಮಾತ್ರೆ ತಂದು ಕೊಡಕೂಡದು. ಈ ಸತ್ವವು ದೇಹದ ಕೊಬ್ಬಿನಲ್ಲಿ ಶೇಖರವಾಗುವಂಥದಾದ್ದರಿಂದ ಮಿತಿಮೀರಿದರೆ ರಕ್ತದಲ್ಲಿ ಸುಣ್ಣಾಂಶ ಏರಿ ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ.