ಸಂಬಳ ಬರುತ್ತಿದೆ, ತೃಪ್ತಿ ಮಾತ್ರ ಇಲ್ಲ: ಕೆಲಸದಲ್ಲಿ ಉದ್ದೇಶ ಕಳೆದುಹೋಗಿರುವುದನ್ನು ಗುರುತಿಸುವುದು ಹೇಗೆ?

ತಿಂಗಳ ಕೊನೆಗೆ ಸಂಬಳ ಸರಿಯಾಗಿ ಖಾತೆಗೆ ಬೀಳುತ್ತದೆ. ಬಾಸ್ ಕಿರುಕುಳ ಕೊಡುವವರಲ್ಲ, ಸಹೋದ್ಯೋಗಿಗಳೂ ಒಳ್ಳೆಯವರೇ. ಆದರೂ ಬೆಳಗ್ಗೆ ಲೋಕಲ್ ರೈಲನ್ನೋ ಮೆಟ್ರೋವನ್ನೋ ಹತ್ತುವಾಗ 'ಇದೆಲ್ಲ ಯಾತಕ್ಕೆ?' ಎಂಬ ಪ್ರಶ್ನೆ ಕಾಡುತ್ತದೆ. ಮನೆಯಲ್ಲಿ ಹೇಳಿಕೊಂಡರೆ 'ಇದು ಹೊಟ್ಟೆ ತುಂಬಿದವರ ಚಿಂತೆ' ಎಂಬ ಉತ್ತರ ಸಿಗುತ್ತದೆ.

ಈ ಸ್ಥಿತಿಗೆ ಬಹುತೇಕರು ತಪ್ಪು ಹೆಸರು ಕೊಡುತ್ತಾರೆ. ಕೆಲವರು ಸೋಮಾರಿತನ ಎನ್ನುತ್ತಾರೆ, ಕೆಲವರು ದಣಿವು ಎನ್ನುತ್ತಾರೆ, ಇನ್ನು ಕೆಲವರು ಕಂಪನಿಯನ್ನು ದೂರುತ್ತಾರೆ. ಹೆಸರು ತಪ್ಪಾದರೆ ಮದ್ದೂ ತಪ್ಪುತ್ತದೆ. ರಜೆ ಹಾಕಿ ಬಂದರೂ ಬೇಸರ ಹೋಗುವುದಿಲ್ಲ. ಹೊಸ ಕಂಪನಿ ಸೇರಿದರೆ ಆರು ತಿಂಗಳಿಗೆ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹಾಗಾಗಿ ಮೊದಲು ಮಾಡಬೇಕಾದದ್ದು ಸರಿಯಾಗಿ ಗುರುತಿಸುವ ಕೆಲಸ.

ದಣಿವೇ ಬೇರೆ, ಉದ್ದೇಶದ ಕೊರತೆಯೇ ಬೇರೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯ 11ನೇ ಪರಿಷ್ಕರಣೆಯಲ್ಲಿ 'ಬರ್ನ್‌ಔಟ್' ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿದೆ. ಅದನ್ನು ಕಾಯಿಲೆ ಎಂದು ಕರೆದಿಲ್ಲ. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಮತ್ತು ಸಾಮರ್ಥ್ಯ ಕುಗ್ಗಿದೆ ಎನಿಸುವುದು ಅದರ ಮೂರು ಲಕ್ಷಣಗಳು. ಅದರ ಮೂಲ ನಿಭಾಯಿಸಲಾಗದ, ದೀರ್ಘಕಾಲದ ಒತ್ತಡ.

ಉದ್ದೇಶದ ಕೊರತೆಗೆ ಒತ್ತಡ ಇರಲೇಬೇಕೆಂದಿಲ್ಲ. ಹಗುರ ಕೆಲಸ ಇರುವವರಿಗೂ ಅದು ಬರುತ್ತದೆ. ಸರಳ ಪರೀಕ್ಷೆ ಎಂದರೆ, ಒಂದು ವಾರ ಚೆನ್ನಾಗಿ ವಿಶ್ರಾಂತಿ ಪಡೆದು ಬಂದ ಮೇಲೆ ಉತ್ಸಾಹ ಮರಳಿದರೆ ಅದು ಬಹುಶಃ ದಣಿವು. ಮೈ ಹಗುರಾಗಿ, ಪ್ರಶ್ನೆ ಮಾತ್ರ ಹಾಗೇ ಉಳಿದರೆ ಅದು ಬೇರೆಯೇ ವಿಷಯ. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಇದನ್ನು ಭಾನುವಾರಕ್ಕೆ ಜೋಡಿಸಿ ವಿವರಿಸಿದ್ದರು. ವಾರದ ಗಡಿಬಿಡಿ ನಿಂತಾಗ ಒಳಗಿನ ಖಾಲಿತನ ಎದ್ದು ಕಾಣುತ್ತದೆ ಎಂಬುದು ಅವರ ವಿವರಣೆ.

ಈ 5 ಸೂಚನೆಗಳನ್ನು ಗಮನಿಸಿ

1. ಹೊರಗಿನವರು 'ನಿಮ್ಮ ಕೆಲಸ ಏನು?' ಎಂದಾಗ ಹುದ್ದೆಯ ಹೆಸರು ಹೇಳಬಲ್ಲಿರಿ, ಅದರಿಂದ ಯಾರಿಗೆ ಏನು ಉಪಯೋಗ ಎಂದು ಹೇಳಲಾಗುವುದಿಲ್ಲ.

2. ಕೆಲಸ ಚೆನ್ನಾಗಿ ಆದಾಗ ಖುಷಿ ಇಲ್ಲ, ಕೆಟ್ಟಾಗ ಬೇಸರವೂ ಇಲ್ಲ. ಸಿಟ್ಟಿಗಿಂತ ಈ ನಿರ್ಲಿಪ್ತತೆ ಹೆಚ್ಚು ಗಂಭೀರ. ಸಿಟ್ಟು ಬರುವವರಿಗೆ ಆ ಕೆಲಸದ ಮೇಲೆ ಇನ್ನೂ ಕಾಳಜಿ ಇರುತ್ತದೆ.

3. ಶುಕ್ರವಾರ, ಇನ್‌ಕ್ರಿಮೆಂಟ್, ಮುಂದಿನ ರಜೆ ಹೀಗೆ ಬರೀ ದಿನ ಎಣಿಸುತ್ತೀರಿ. ಅವು ಬಂದಾಗ ಸಮಾಧಾನ ಎರಡು ದಿನವೂ ಉಳಿಯುವುದಿಲ್ಲ.

4. ಮೊದಲು ಆಸಕ್ತಿಯಿಂದ ಕಲಿಯುತ್ತಿದ್ದವರು ಈಗ ಎಷ್ಟು ಬೇಕೋ ಅಷ್ಟೇ ಮಾಡುತ್ತೀರಿ.

5. ಐದು ವರ್ಷ ಮುಂದಿರುವ ಹಿರಿಯ ಸಹೋದ್ಯೋಗಿಯ ಕುರ್ಚಿ ನೋಡಿದಾಗ 'ನನಗೂ ಅದು ಬೇಕು' ಎನಿಸುವುದಿಲ್ಲ.

ಇವುಗಳಲ್ಲಿ ಒಂದೆರಡು ಎಲ್ಲರಿಗೂ ಆಗಾಗ ಅನುಭವಕ್ಕೆ ಬರುತ್ತವೆ. ಹೆಚ್ಚಿನವು ತಿಂಗಳುಗಟ್ಟಲೆ ಉಳಿದರೆ ಮಾತ್ರ ಯೋಚಿಸಬೇಕು.

ಹೀಗೇಕೆ ಆಗುತ್ತದೆ?

ಮುಖ್ಯ ಕಾರಣಗಳಲ್ಲಿ ಒಂದು, ನಮ್ಮ ಕೆಲಸದ ಫಲ ಪಡೆಯುವವರು ನಮಗೆ ಕಾಣದಿರುವುದು. ಇಡ್ಲಿ ಬಡಿಸುವವರಿಗೆ ತಿನ್ನುವವರ ಮುಖ ಕಾಣುತ್ತದೆ. ಎಕ್ಸೆಲ್ ಶೀಟ್ ತುಂಬುವವರಿಗೆ ಅದು ಯಾರ ಕೈ ಸೇರಿತು ಎಂಬುದೇ ತಿಳಿಯುವುದಿಲ್ಲ.

ಅಮೆರಿಕದ ಸಂಶೋಧಕ ಆ್ಯಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ವಿಶ್ವವಿದ್ಯಾಲಯಕ್ಕೆ ಫೋನ್ ಮೂಲಕ ದೇಣಿಗೆ ಕೇಳುವ ಸಿಬ್ಬಂದಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಲಾಯಿತು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಸಮಯ ಮತ್ತು ಸಂಗ್ರಹಿಸುವ ಹಣ ಎರಡೂ ದುಪ್ಪಟ್ಟಿಗಿಂತ ಹೆಚ್ಚಾಗಿದ್ದವು. ಕೆಲಸ ಅದೇ, ಸಂಬಳವೂ ಅದೇ. ಬದಲಾದದ್ದು ಅವರ ಕಣ್ಣಿಗೆ ಕಂಡ ಒಂದು ಮುಖ.

ಕೆಲವೊಮ್ಮೆ ಕೆಲಸವೇ ನಿಜಕ್ಕೂ ಟೊಳ್ಳಾಗಿರುತ್ತದೆ. ಇಂಥ ಹುದ್ದೆಗಳ ಬಗ್ಗೆ ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2013ರಲ್ಲಿ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. 2015ರಲ್ಲಿ ಬ್ರಿಟನ್‌ನಲ್ಲಿ ಯೂಗವ್ ನಡೆಸಿದ ಸಮೀಕ್ಷೆಯಲ್ಲಿ ಉದ್ಯೋಗಿಗಳಲ್ಲಿ ಶೇ. 37ರಷ್ಟು ಮಂದಿ ತಮ್ಮ ಕೆಲಸದಿಂದ ಜಗತ್ತಿಗೆ ಅರ್ಥಪೂರ್ಣ ಕೊಡುಗೆ ಇಲ್ಲ ಎಂದಿದ್ದರು.

ಊರು ಬಿಟ್ಟವರ ಕಥೆ

ಹೊರರಾಜ್ಯಗಳಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಎಳೆ ಇದೆ. ಕರಾವಳಿಯಿಂದ ಮುಂಬೈಗೆ ಬಂದು ಹಗಲು ಹೋಟೆಲ್‌ನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ತಲೆಮಾರಿಗೆ ಉದ್ದೇಶ ಎಲ್ಲಿದೆ ಎಂದು ಹುಡುಕುವ ಅಗತ್ಯ ಬೀಳಲಿಲ್ಲ. ಅದು ಊರಿಗೆ ಕಳಿಸುವ ಮನಿ ಆರ್ಡರ್‌ನಲ್ಲಿ, ತಂಗಿಯ ಮದುವೆಯಲ್ಲಿ, ತಮ್ಮನ ಓದಿನಲ್ಲಿ ಇತ್ತು. ಲೋಟ ತೊಳೆಯುವುದು ಬೇಸರದ ಕೆಲಸವಾದರೂ ಯಾತಕ್ಕೆ ಎಂಬುದು ಗೊತ್ತಿತ್ತು. ಇಂದು ಪುಣೆ, ಹೈದರಾಬಾದ್‌ಗಳ ಐಟಿ ಉದ್ಯೋಗಿಯ ದುಡಿಮೆಯ ದೊಡ್ಡ ಪಾಲು ಇಎಂಐಗೆ ಹೋಗುತ್ತದೆ. ಊರಿನ ಸಾಲ ತೀರಿದೆ, ಹಳೆಯ ಉದ್ದೇಶ ಈಡೇರಿದೆ. ಅದರ ಜಾಗಕ್ಕೆ ಹೊಸದು ಬಂದಿಲ್ಲ. ಹಲವರಲ್ಲಿ ಈ ಖಾಲಿತನ ಸೋಲಿನಿಂದಲ್ಲ, ಗುರಿ ಮುಟ್ಟಿದ್ದರಿಂದಲೇ ಹುಟ್ಟಿದೆ.

12ನೇ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟಿದ್ದು ಇಲ್ಲಿ ನೆನಪಾಗುತ್ತದೆ. ದುಡಿಮೆಯ ಫಲ ಇನ್ನೊಬ್ಬರಿಗೆ ತಲುಪಿದಾಗಲೇ ದುಡಿಮೆ ಪೂರ್ಣ ಎಂಬುದು ಅದರ ತಿರುಳು.

ಏನು ಮಾಡಬಹುದು?

ಎರಡು ವಾರ ಡೈರಿ ಬರೆಯಿರಿ: ದಿನದ ಯಾವ ಗಂಟೆ ಹೋದದ್ದೇ ಗೊತ್ತಾಗಲಿಲ್ಲ, ಯಾವುದು ಎಳೆದುಕೊಂಡು ಹೋಯಿತು ಎಂದು ಗುರುತಿಸಿ. ಇಡೀ ಕೆಲಸವೇ ಬೇಡವೋ, ಅದರ ಒಂದು ಭಾಗ ಬೇಡವೋ ಎಂಬುದು ಸ್ಪಷ್ಟವಾಗುತ್ತದೆ.

ಫಲಾನುಭವಿಯನ್ನು ಹುಡುಕಿ: ನಿಮ್ಮ ಕೆಲಸ ಬಳಸುವ ಒಬ್ಬರ ಜೊತೆ ಮಾತನಾಡಿ.

ಕೆಲಸವನ್ನು ಸ್ವಲ್ಪ ತಿದ್ದಿಕೊಳ್ಳಿ: ಸಂಶೋಧಕಿಯರಾದ ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ ಬರೆದಿದ್ದರು. ಕೆಲವರು ಹೇಳಿದಷ್ಟು ಗುಡಿಸಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು ಮಾತನಾಡಿಸಿ, ನರ್ಸ್‌ಗಳ ಅನುಕೂಲ ನೋಡಿ ಕೆಲಸ ಹೊಂದಿಸಿಕೊಂಡು, ತಾವೂ ಚಿಕಿತ್ಸೆಯ ಭಾಗ ಎಂದು ಭಾವಿಸಿದ್ದರು. ಹೊಸಬರಿಗೆ ಕಲಿಸುವಂಥ ಸಣ್ಣ ಹೊಣೆ ಕೇಳಿ ಪಡೆಯುವುದೂ ಇದೇ ಬಗೆಯದು.

ಕೆಲಸದ ಹೊರಗೂ ನೋಡಿ: ಎಲ್ಲರೂ ನೌಕರಿಯಲ್ಲೇ ಬದುಕಿನ ಅರ್ಥ ಕಾಣಬೇಕೆಂದಿಲ್ಲ. ಕನ್ನಡ ಸಂಘದ ಯಕ್ಷಗಾನ ತಂಡ, ಮಕ್ಕಳ ಕನ್ನಡ ತರಗತಿ, ರಕ್ತದಾನ ಶಿಬಿರಗಳಲ್ಲೂ ಅದು ಸಿಗಬಹುದು. ನೌಕರಿ ಅದಕ್ಕೆ ಆಸರೆ ಆದರೆ ಸಾಕು.

ರಾಜೀನಾಮೆಗೆ ಮುನ್ನ ಎರಡು ಮಾತು

ಮೇಲಿನದ್ದನ್ನೆಲ್ಲ ಆರು ತಿಂಗಳು ಮಾಡಿಯೂ ಏನೂ ಬದಲಾಗದಿದ್ದರೆ, ಬದಲಾವಣೆ ಸರಿಯಾದ ದಾರಿ ಇರಬಹುದು. ಆದರೆ ಕೆಲವು ತಿಂಗಳ ಖರ್ಚಿನ ಹಣ ಕೈಯಲ್ಲಿರಲಿ. 'ಇದು ಬೇಡ' ಎನ್ನುವುದರ ಜೊತೆಗೆ 'ಇದು ಬೇಕು' ಎಂಬ ಉತ್ತರವೂ ಇರಲಿ.

ಇನ್ನೊಂದು ಎಚ್ಚರಿಕೆ. ಕೆಲಸ ಮಾತ್ರವಲ್ಲ, ಇಷ್ಟದ ಊಟ, ಸಂಗೀತ, ಮಕ್ಕಳ ಜೊತೆಗಿನ ಆಟ ಕೂಡ ಎರಡು ವಾರಕ್ಕಿಂತ ಹೆಚ್ಚು ಕಾಲ ರುಚಿಸದಿದ್ದರೆ, ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡ ಎನಿಸಿದರೆ ಅದು ಖಿನ್ನತೆ ಇರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.